ಮಿಲಿಟರಿ ಹರಾಜಿನ ಕಾಲು ಟನ್ ಟ್ರೈಲರ್: ಡಿಸ್ಕ್ ಬದಲಿಸಿದ್ರೆ ಓಲಾಡೋದು ನಿಲ್ಲುತ್ತಾ?

ತೋಟದಮನೆ:
ಎಲ್ಲರಿಗೂ ನಮಸ್ಕಾರ. ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟ. ಮನೇಲಿ ಒಂದು ಹಳೇ ಮಿಲಿಟರಿ ಟ್ರೈಲರ್ ಇದೆ, ಅಪ್ಪ ಹರಾಜಿನಲ್ಲಿ ಜೀಪಿನ ಜೊತೆಗೇ ತಗೊಂಡಿದ್ದು. ಕಾಲು ಟನ್ನಿನದು, ವಿಲ್ಲೀಸ್ ಜೀಪಿನ ಹಿಂದೆ ಎಳೀತಿದ್ರಲ್ಲ, ಅದೇ ನಮೂನೆ. ತಗಡಿನ ತೊಟ್ಟಿ, ಎರಡೂ ಕಡೆ ಕಮಾನ್ ಪ್ಲೇಟು (ಸ್ಪ್ರಿಂಗು), ಮುಂದೆ ಜೀಪಿನ ಹುಕ್ಕಿಗೆ ಸಿಕ್ಕಿಸೋ ದೊಡ್ಡ ಬಳೆ, 6.00-16 ಟೈರು. ಬಾಡಿ ಇವತ್ತಿಗೂ ಗಟ್ಟಿಮುಟ್ಟು.

ಈಗ ಇದನ್ನ ಬೋರ್ಡೋ (ಮೈಲುತುತ್ತು ಸುಣ್ಣದ ದ್ರಾವಣ) ಹೊಡೆಯೋಕೆ ಬಳಸ್ತಿದೀವಿ. 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮು ಎರಡು, ಒಂದು ಮುಂದೆ ಒಂದು ಹಿಂದೆ. ಪಂಪ್ ಸೆಟ್ ಜೀಪಲ್ಲಿರುತ್ತೆ. ತೊಂದರೆ ಎರಡು. ಕೆಳಗಿನ ತಾಕಿಗೆ ಇಳಿಯೋ ದಾರಿ ಒಂದು ಕಡೆಗೆ ವಾಲಿದೆ, ಅಲ್ಲಿ ಬಲಗಡೆ ಚಕ್ರ ಬರೆ (ಮಣ್ಣಿನ ದಂಡೆ) ಹತ್ತಿದ ಕೂಡಲೇ ಇಡೀ ಟ್ರೈಲರ್ ಎಡಕ್ಕೆ ವಾಲಿ ಮಗುಚೋಕೆ ಬರುತ್ತೆ. ಇನ್ನೊಂದು, ಕೆಲಸ ಮುಗಿಸಿ ಟಾರ್ ರೋಡಲ್ಲಿ ವಾಪಸ್ ಬರುವಾಗ 40 ದಾಟಿದ್ರೆ ಸಾಕು, ಹಿಂದೆ ಆ ಕಡೆ ಈ ಕಡೆ ಬೀಸಾಡತ್ತೆ, ಜೀಪಿನ ಸ್ಟೇರಿಂಗಿಗೇ ಗೊತ್ತಾಗತ್ತೆ. ಆಳುಗಳು ಪೈಪ್ ಹಿಡ್ಕೊಂಡು ಟ್ರೈಲರಿನ ಪಕ್ಕದಲ್ಲೇ ನಡೀತಿರ್ತಾರೆ, ಅದೇ ನನ್ನ ಭಯ.

ಊರಿನ ಮೆಕ್ಯಾನಿಕ್ ಹೇಳೋದು, ಬೊಲೆರೋ ಡಿಸ್ಕ್ (ಟೈರ್ ಕೂರೋ ಲೋಹದ ಚಕ್ರ), ಅಗಲ ಟೈರ್ ಹಾಕಿ, ನೆಲ ಕಚ್ಚಿ ಕೂತ್ಕೊಳತ್ತೆ ಅಂತ. ಮತ್ತೊಬ್ಬರು ಚಕ್ರ ಹೊರಗೆ ಬರೋ ಹಾಗೆ ಡಿಸ್ಕಿನ ಹಿಂದೆ ಸ್ಪೇಸರ್ ಅನ್ನೋ ದಪ್ಪ ಬಿಲ್ಲೆ ಹಾಕಿಸಿ ಅಂದ್ರು. ಟ್ರೈಲರ್ ಬಳಸಿ ಗೊತ್ತಿರೋರು ದಾರಿ ಹೇಳಿ.

ಬಣಕಲ್_ಗ್ಯಾರೇಜ್:
ಸರ್, ಡಿಸ್ಕ್ ಕೂರೋದೇನೋ ಕೂರುತ್ತೆ. ಐದು ಸ್ಟಡ್ (ಚಕ್ರದ ನಟ್ಟು ಕೂರೋ ಬೋಲ್ಟು), ಅವು ನಿಂತಿರೋ ಸುತ್ತಿನ ಅಡ್ಡಳತೆ ಐದೂವರೆ ಇಂಚು, ಅಂದ್ರೆ 139.7 ಮಿ.ಮೀ. ಹಳೇ ಜೀಪು, ಬೊಲೆರೋ, ಜಿಪ್ಸಿ, ಈಗಿನ ಜಿಮ್ನಿ, ಎಲ್ಲದಕ್ಕೂ ಅದೇ. ಆದ್ರೆ ಸ್ಟಡ್ ತೂತು ಹೊಂದಿದ ಮಾತ್ರಕ್ಕೆ ಎಲ್ಲಾ ಹೊಂದಿತು ಅಂತಲ್ಲ. ಡಿಸ್ಕಿನ ನಡುವಿನ ದೊಡ್ಡ ತೂತು ನಿಮ್ಮ ಹಬ್ಬಿನ (ಆಕ್ಸಲ್ ತುದೀಲಿ ಚಕ್ರ ಕೂರೋ ಭಾಗ) ಮೇಲೆ ಸಲೀಸಾಗಿ ಕೂರಬೇಕು, ಬಡಿದು ಕೂರಿಸೋ ಹಾಗಿರಬಾರದು. ನಟ್ಟು ಜೀಪಿಂದೇ ಬೇಕು. ಹಳೇ ಜೀಪಿನ ಸ್ಟಡ್ ಅರ್ಧ ಇಂಚಿಂದು, ಜಿಪ್ಸೀದು 12 ಮಿ.ಮೀ., ಅದನ್ನ ಇದಕ್ಕೆ ತಿರುಗಿಸೋಕೆ ಹೋಗ್ಬೇಡಿ. ಇನ್ನೂ ಒಂದು, ಮಿಲಿಟರಿ ಜೀಪಿನ ನಮೂನೆ ಹಬ್ಬಾದ್ರೆ ಎಡಗಡೆ ಚಕ್ರದ ನಟ್ಟು ಉಲ್ಟಾ ತ್ರೆಡ್ ಇರುತ್ತೆ, ಬಲಕ್ಕೆ ತಿರುಗಿಸಿದ್ರೆ ಬಿಚ್ಚುತ್ತೆ. ಗೊತ್ತಿಲ್ದೆ ಪೈಪ್ ಹಾಕಿ ಎಳೆದು ಸ್ಟಡ್ ಮುರಿದುಕೊಂಡು ಬರೋರು ಬೇಕಾದಷ್ಟು ಜನ.

ಅದಿರ್ಲಿ, ಈಗಿರೋ ಟೈರಿನ ಮೇಲೆ ಉದ್ದಕ್ಕೆ ಮೂರು ಗೆರೆ ಇದೆಯಾ, ಇಲ್ಲಾ ಬಿಡಿ ಬಿಡಿ ಉಬ್ಬಿರೋ ಬಟನ್ನಾ?

ತೋಟದಮನೆ:
ಎಡಗಡೆದು ಮಿಲಿಟರಿ ಬಟನ್ ಟೈರು. ಬಲಗಡೆದು ಮೂರು ಗೆರೆ. ಹಿಂದೆ ಯಾವಾಗಲೋ ಪಂಚರ್ ಅಂಗಡೀಲಿ ಹಾಕಿಸಿದ್ದು.

ಬಣಕಲ್_ಗ್ಯಾರೇಜ್:
ಅದು ಟ್ರ್ಯಾಕ್ಟರಿನ ಮುಂದಿನ ಟೈರು. 6.00-16 ಅಂತ ಕೇಳಿದ್ರೆ ನಮ್ಮ ಕಡೆ ಅಂಗಡೀಲಿ ಮೊದಲು ಕೈಗೆ ಸಿಗೋದೇ ಅದು, ಸೈಜು ಒಂದೇ ಆಗಿರೋದ್ರಿಂದ. ಟೈರಿನ ಪಕ್ಕ ನೋಡಿ, ಎ6 ಅಥವಾ ಎ8 ಅಂತ ಬರೆದಿದ್ರೆ ಅದು 30, 40 ಕಿ.ಮೀ. ವೇಗಕ್ಕೆ ಮಾಡಿದ್ದು. ಗದ್ದೇಲಿ ಚೆನ್ನಾಗಿರುತ್ತೆ, ಟಾರ್ ಮೇಲೆ ಕಾಯುತ್ತೆ. ಒಂದೇ ಆಕ್ಸಲಿಗೆ ಎರಡು ಜಾತಿ ಟೈರ್ ಇದ್ರೆ ಟ್ರೈಲರ್ ನೇರ ಹೋಗೋದು ಕಷ್ಟ. ಡಿಸ್ಕ್ ವಿಷಯ ಏನೇ ತೀರ್ಮಾನ ಮಾಡಿ, ಆ ಟೈರ್ ಮಾತ್ರ ಮೊದಲು ಬಿಚ್ಚಿ.

ಗಣಿತ_ಮೇಷ್ಟ್ರು:
ತೋಟದಮನೆಯವರೇ, ನೀವು ಹೇಳಿದ್ದು ಎರಡು ಬೇರೆ ಬೇರೆ ಕಾಯಿಲೆ. ಓರೆ ದಾರಿಯಲ್ಲಿ ವಾಲೋದು ಒಂದು, ಟಾರ್ ರೋಡಲ್ಲಿ ಬೀಸಾಡೋದು ಇನ್ನೊಂದು. ಎರಡಕ್ಕೂ ಒಂದೇ ಮದ್ದು ಅಂತ ಡಿಸ್ಕ್ ಬದಲಿಸಿದ್ರೆ ದುಡ್ಡು ಹೋಗುತ್ತೆ, ಒಂದು ಕಾಯಿಲೆ ಅರ್ಧ ವಾಸಿಯಾಗುತ್ತೆ, ಇನ್ನೊಂದು ಇದ್ದ ಹಾಗೇ ಇರುತ್ತೆ.

ದಯವಿಟ್ಟು ಟೇಪ್ ಹಿಡಿದು ಈ ಅಳತೆ ಕೊಡಿ: ಎಡ ಟೈರಿನ ನಡುವಿನಿಂದ ಬಲ ಟೈರಿನ ನಡುವಿಗೆ ಎಷ್ಟು, ತೊಟ್ಟಿಯ ತಳ ನೆಲದಿಂದ ಎಷ್ಟು ಎತ್ತರ, ಡ್ರಮ್ಮಿನ ಎತ್ತರ, ಮತ್ತು ಆಕ್ಸಲಿನಿಂದ ಮುಂದಿನ ಬಳೆಗೆ ಎಷ್ಟು ದೂರ.

ತೋಟದಮನೆ:
ಟೈರ್ ನಡುವಿಂದ ನಡುವಿಗೆ 124 ಸೆಂ.ಮೀ. ತಳ ನೆಲದಿಂದ 58. ಡ್ರಮ್ಮು 88 ಎತ್ತರ. ಆಕ್ಸಲಿಂದ ಬಳೆಗೆ 183, ಅಂದ್ರೆ ಆರಡಿ. ಎರಡು ಡ್ರಮ್ಮೂ ಆಕ್ಸಲಿಂದ ಹೆಚ್ಚುಕಡಿಮೆ 45 ಸೆಂ.ಮೀ. ದೂರ, ಒಂದು ಈಚೆ, ಒಂದು ಆಚೆ.

ಗಣಿತ_ಮೇಷ್ಟ್ರು:
124 ಅಂದ್ರೆ 49 ಇಂಚು, ವಿಲ್ಲೀಸ್ ಜೀಪಿನ ಚಕ್ರದ ಅಂತರವೇ. ಜೀಪು ಹೋದ ಗಾಡಿಜಾಡಲ್ಲೇ ಟ್ರೈಲರೂ ಬರಲಿ ಅಂತ ಹಾಗೆ ಮಾಡಿದ್ದು.

ಈಗ ಲೆಕ್ಕ. ಗಾಡಿ ಎಷ್ಟು ಓರೆಯಾದ್ರೆ ಮಗುಚುತ್ತೆ ಅನ್ನೋದು ಎರಡೇ ಅಳತೆಯ ಮೇಲೆ ನಿಂತಿದೆ: ಚಕ್ರದ ಅಂತರದ ಅರ್ಧ, ಮತ್ತು ಒಟ್ಟು ಭಾರದ ನಡುಬಿಂದುವಿನ ಎತ್ತರ. ಅರ್ಧ ಅಂತರ 62 ಸೆಂ.ಮೀ. ತುಂಬಿದ ಡ್ರಮ್ಮಿನ ನಡುಬಿಂದು ನೆಲದಿಂದ 58 ಕೂಡಿಸು 44, ಅಂದ್ರೆ 102 ಸೆಂ.ಮೀ. ಖಾಲಿ ಟ್ರೈಲರ್ ಸುಮಾರು 250 ಕೆ.ಜಿ., ಅದರದು 55ರ ಹತ್ತಿರ ಅಂತ ಹಿಡಿಯೋಣ. 400 ಕೆ.ಜಿ. ದ್ರಾವಣ ಸೇರಿದ ಮೇಲೆ ಒಟ್ಟಿನ ನಡುಬಿಂದು 84 ಸೆಂ.ಮೀ. ಮೇಲೆ ನಿಲ್ಲುತ್ತೆ. ಮಗುಚೋ ಕೋನ ಸುಮಾರು 36 ಡಿಗ್ರಿ. ಇದು ಕಾಗದದ ಮೇಲಿನ ಲೆಕ್ಕ. ಪ್ಲೇಟು ಬಾಗೋದು, ಟೈರ್ ಒತ್ತೋದು, ಡ್ರಮ್ಮಲ್ಲಿ ದ್ರಾವಣ ತುಳುಕೋದು, ಚಕ್ರ ಕಲ್ಲು ಹತ್ತಿ ದಡಕ್ಕನೆ ಇಳಿಯೋದು ಸೇರಿದ್ರೆ ನಿಜವಾದ ಕೋನ ಇನ್ನೂ ಕಡಿಮೆ.

ಬೊಲೆರೋ ಡಿಸ್ಕಿಂದ ಪ್ರತಿ ಕಡೆ 4 ಸೆಂ.ಮೀ. ಹೊರಗೆ ಬಂತು ಅಂತಿಟ್ಕೊಳ್ಳಿ, 38 ಡಿಗ್ರಿ ಆಯ್ತು. ಟೈರ್ ಸಣ್ಣದಾಗಿ ಗಾಡಿ 3 ಸೆಂ.ಮೀ. ಕೆಳಗೆ ಕೂತ್ರೆ 39. ಅಲ್ಲಿಗೆ ಚಕ್ರದಿಂದ ಸಿಗೋ ಲಾಭ ಮುಗೀತು.

ಅದರ ಬದಲು ಇದೇ ಚಕ್ರ ಇಟ್ಕೊಂಡು, ನಿಂತಿರೋ ಡ್ರಮ್ಮು ತೆಗೆದು, 30 ಸೆಂ.ಮೀ. ಎತ್ತರದ ಚಪ್ಪಟೆ ಟ್ಯಾಂಕಲ್ಲಿ 200 ಲೀಟರ್ ಮಾತ್ರ ಒಯ್ಯಿರಿ. ನಡುಬಿಂದು 63ಕ್ಕೆ ಇಳಿಯುತ್ತೆ, ಕೋನ 44ಕ್ಕೆ ಏರುತ್ತೆ. ಡಿಸ್ಕ್ ಕೊಡೋ ಮೂರು ಡಿಗ್ರಿ ಎಲ್ಲಿ, ಇದು ಕೊಡೋ ಎಂಟು ಡಿಗ್ರಿ ಎಲ್ಲಿ.

ಇಎಂಇ_ನಿವೃತ್ತ:
ಮೇಷ್ಟ್ರು ಸರಿಯಾಗಿ ಹೇಳಿದ್ದಾರೆ. ನಾನು ಫೌಜಿನ ವರ್ಕ್‌ಶಾಪಲ್ಲಿ ಗಾಡಿಗಳ ಜೊತೆ ಬದುಕಿದವನು, ಊರು ಸೋಮವಾರಪೇಟೆ ಕಡೆ. ಈ ಟ್ರೈಲರಿಗೆ ಕಾಲು ಟನ್ ಅಂತ ಹೆಸರು ಬಂದದ್ದೇ ಕಚ್ಚಾ ದಾರಿಯಲ್ಲಿ 500 ಪೌಂಡ್ ಹೊರಲಿ ಅಂತ. ಅಂದರೆ 227 ಕೆ.ಜಿ. ಒಳ್ಳೆ ರಸ್ತೆಯಲ್ಲಿ ಮಾತ್ರ 1,000 ಪೌಂಡ್. ನೀವು ತೋಟದ ಓರೆ ದಾರಿಯಲ್ಲಿ 400 ಕೆ.ಜಿ. ಹೊರಿಸುತ್ತಿದ್ದೀರಿ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಬ್ಯಾಂಟಮ್ ಕಂಪನಿ ಮಾಡಿದ ನಮೂನೆ ಇದು. ನದಿ ದಾಟಿಸುವಾಗ ತೇಲಲಿ ಅಂತ ತೊಟ್ಟಿಯನ್ನು ದೋಣಿಯ ಹಾಗೆ ಮುಚ್ಚಿ ಬೆಸೆದಿದ್ದರು, ತಳದಲ್ಲಿ ನೀರು ಬಿಡಲು ಬಿರಡೆ ಇರುತ್ತಿತ್ತು. ಇಂಥ ಗಾಡಿಗೆ ಎತ್ತರದ ಡ್ರಮ್ಮು ನಿಲ್ಲಿಸುವ ಯೋಚನೆ ಮಾಡಿದವರಿಗೆ ಇರಲೇ ಇಲ್ಲ.

ಎರಡನೆಯದು, ನಿಮ್ಮ ಟಾರ್ ರೋಡಿನ ಕಾಯಿಲೆ. ಒಂದು ಮಾತು ಕೇಳುತ್ತೇನೆ: ವಾಪಸ್ ಬರುವಾಗ ಯಾವ ಡ್ರಮ್ಮಲ್ಲಿ ಉಳಿದಿರುತ್ತೆ?

ತೋಟದಮನೆ:
ಹಿಂದಿನದರಲ್ಲಿ ಸರ್. ಪಂಪಿಗೆ ಹತ್ತಿರ ಅಂತ ಮುಂದಿನ ಡ್ರಮ್ಮು ಮೊದಲು ಖಾಲಿ ಮಾಡ್ತೀವಿ. ಮಳೆ ಬಂದು ಕೆಲಸ ನಿಂತ್ರೆ ಹಿಂದಿನದು ತುಂಬಿದ ಹಾಗೇ ವಾಪಸ್ ಬರುತ್ತೆ. ಆಗ ಹುಕ್ಕಲ್ಲಿ ಟಕ ಟಕ ಅಂತ ಸದ್ದು ಬೇರೆ.

ಇಎಂಇ_ನಿವೃತ್ತ:
ಸಿಕ್ಕಿತು ನೋಡಿ. ಆ ಸದ್ದು ಬಳೆ ಹುಕ್ಕಿನೊಳಗೆ ಮೇಲಕ್ಕೆ ಎದ್ದು ಬಡಿಯುವ ಸದ್ದು. ಟ್ರೈಲರಿನ ಮೂಗು, ಅಂದರೆ ಬಳೆ ಇರುವ ಮುಂದಿನ ತುದಿ, ಯಾವತ್ತೂ ಹುಕ್ಕನ್ನು ಕೆಳಕ್ಕೆ ಒತ್ತುತ್ತಿರಬೇಕು. ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮೂಗಿನ ಮೇಲಿರಬೇಕು ಅನ್ನುವುದು ಟ್ರೈಲರ್ ಎಳೆಯುವವರೆಲ್ಲ ಒಪ್ಪುವ ಲೆಕ್ಕ. ಹಿಂದಿನ ಡ್ರಮ್ಮು ಮಾತ್ರ ತುಂಬಿದ್ದರೆ 200 ಕೆ.ಜಿ. ಆಕ್ಸಲಿನ ಹಿಂದೆ ಜೋತುಬಿದ್ದು ಮೂಗನ್ನು ಎತ್ತುತ್ತದೆ. ಮೂಗು ಹಗುರಾದ ಟ್ರೈಲರ್ ಬೀಸಾಡಿಯೇ ತೀರುತ್ತದೆ, ಅದಕ್ಕೆ ಚಿನ್ನದ ಡಿಸ್ಕ್ ಹಾಕಿದರೂ ಅಷ್ಟೆ. ಜೀಪಿನ ಹಿಂದಿನ ಚಕ್ರಗಳ ಮೇಲಿನ ಭಾರವೂ ಆಗ ಕಡಿಮೆಯಾಗುತ್ತದೆ, ಇಳಿಜಾರಲ್ಲಿ ಬ್ರೇಕ್ ಒತ್ತಿದರೆ ಹಿಡಿತ ಸಿಗುವುದಿಲ್ಲ. ಈ ಟ್ರೈಲರಿಗೆ ಇರುವುದು ನಿಲ್ಲಿಸಿದಾಗ ಹಾಕುವ ಹ್ಯಾಂಡ್ ಬ್ರೇಕ್ ಮಾತ್ರ ಅನ್ನುವುದು ನೆನಪಿರಲಿ. ಓಡುವಾಗ ಎಲ್ಲ ಭಾರ ನಿಲ್ಲಿಸಬೇಕಾದದ್ದು ನಿಮ್ಮ ಜೀಪೇ.

ನಿಮ್ಮ ಕಣದಲ್ಲಿ ಹಣ್ಣು ತೂಗುವ ತಕ್ಕಡಿ ಇರುತ್ತಲ್ಲ, ಪ್ಲಾಟ್‌ಫಾರ್ಮಿನದು, ಅದರ ಮೇಲೆ ಮರದ ತುಂಡು ನಿಲ್ಲಿಸಿ, ಟ್ರೈಲರಿನ ಬಳೆಯನ್ನು ಹುಕ್ಕಿನ ಎತ್ತರಕ್ಕೇ ಕೂರಿಸಿ ತೂಗಿ. ಚಕ್ರಕ್ಕೆ ಕಲ್ಲು ಕೊಡುವುದು ಮರೆಯಬೇಡಿ. ಮೂಗು ಎತ್ತಿಕೊಳ್ಳುತ್ತದೆ, ಹತ್ತಿರ ಆಳು ನಿಲ್ಲಿಸಬೇಡಿ.

ತೋಟದಮನೆ:
ತೂಗಿದ್ವಿ ಸರ್. ಖಾಲಿ ಇದ್ದಾಗ ಬಳೆ ಮೇಲೆ 28 ಕೆ.ಜಿ. ಎರಡೂ ಡ್ರಮ್ಮು ತುಂಬಿಸಿದಾಗ 31. ಹಿಂದಿನದು ಮಾತ್ರ ತುಂಬಿಸೋಕೆ ಶುರು ಮಾಡಿದ್ವಿ, ಪೂರ್ತಿ ತುಂಬೋಕೆ ಮುಂಚೇನೇ ಬಳೆ ತುಂಡಿನ ಮೇಲಿಂದ ಎದ್ದುಬಿಡ್ತು. ನಮ್ಮ ತೋಟದ ರೈಟರು (ಲೆಕ್ಕ ಬರೆಯೋರು) ಹಗ್ಗ ಕಟ್ಟಿಸಿದ್ರು, ಇಲ್ದಿದ್ರೆ ಹಿಂದಕ್ಕೆ ಕೂತೇ ಬಿಡ್ತಿತ್ತು. ಎರಡೂ ತುಂಬಿದಾಗಲೂ 650ಕ್ಕೆ 31 ಅಂದ್ರೆ ನೂರಕ್ಕೆ ಐದೂ ಇಲ್ಲ.

ಗಣಿತ_ಮೇಷ್ಟ್ರು:
ಬಹಳ ಒಳ್ಳೇ ಕೆಲಸ. ಚಪ್ಪಟೆ ಟ್ಯಾಂಕು ಕೂರಿಸುವಾಗ ಅದರ ನಡುಭಾಗ ಆಕ್ಸಲಿಗಿಂತ 20 ಸೆಂ.ಮೀ. ಮುಂದೆ ಬರಲಿ. 200 ಕೆ.ಜಿ.ಯನ್ನ 20ರಿಂದ ಗುಣಿಸಿ 183ರಿಂದ ಭಾಗಿಸಿ, 22 ಕೆ.ಜಿ. ಮೂಗಿಗೆ ಸೇರುತ್ತೆ. ಈಗಿನ 28 ಸೇರಿ 50, ಒಟ್ಟು 450ಕ್ಕೆ ನೂರಕ್ಕೆ ಹನ್ನೊಂದು. ಟ್ಯಾಂಕ್ ಖಾಲಿಯಾಗ್ತಾ ಬಂದರೂ ಮೂಗಿನ ಮೇಲೆ 28 ಇದ್ದೇ ಇರುತ್ತೆ, 250ಕ್ಕೆ ಅದೂ ಹನ್ನೊಂದೇ. ಒಳಗೆ ಅಡ್ಡ ತಡೆ ಹಲಗೆ ಇರೋ ಟ್ಯಾಂಕು ಸಿಕ್ರೆ ಅದನ್ನೇ ತಗೊಳ್ಳಿ. ಚಪ್ಪಟೆ ಟ್ಯಾಂಕು ಅರ್ಧ ತುಂಬಿದ್ದಾಗ ದ್ರಾವಣ ಅಡ್ಡಕ್ಕೆ ಹರಿದು ಒಂದೇ ಮಗ್ಗುಲಿಗೆ ಸೇರುತ್ತೆ. ತಡೆ ಇಲ್ದಿದ್ರೆ ನಾನು ಮೇಲೆ ಕೊಟ್ಟ ಲಾಭದಲ್ಲಿ ಒಂದಷ್ಟು ಅಲ್ಲೇ ಹೋಗುತ್ತೆ.

ಬಯಲುಸೀಮೆ_ರೈತ:
ನಮ್ಮ ಕಡೆ ಟ್ರ್ಯಾಕ್ಟರ್ ಹಿಂದಿನ ಟೈರಿಗೆ ನೀರು ತುಂಬಿಸ್ತೀವಿ, ಗಾಡಿ ಗಟ್ಟಿಯಾಗಿ ನಿಲ್ಲುತ್ತೆ. ಇವರ ಟ್ರೈಲರಿಗೂ ಹಂಗೇ ಮಾಡಿದ್ರೆ ಆಗಲ್ವಾ ಅಣ್ಣ?

ಇಎಂಇ_ನಿವೃತ್ತ:
ಟ್ರ್ಯಾಕ್ಟರ್ ನಿಧಾನವಾಗಿ ಹೋಗುವ ಗಾಡಿ, ಅದರ ಹಿಂದಿನ ಟೈರಿಗೆ ನೂರಾರು ಲೀಟರ್ ಹಿಡಿಯುತ್ತದೆ. 6.00-16ರಲ್ಲಿ ಹಿಡಿಯುವುದು ಅದರ ಮುಂದೆ ಅತ್ಯಲ್ಪ. ಆ ನೀರಿನ ಭಾರ ಪ್ಲೇಟಿನ ಮೇಲೆ ಬರುವುದಿಲ್ಲ, ಚಕ್ರವೇ ಭಾರವಾಗುತ್ತದೆ. ಹಳ್ಳಕ್ಕೆ ಬಿದ್ದಾಗ ಚಕ್ರ ಸುತ್ತಿಗೆಯ ಹಾಗೆ ಹೊಡೆಯುತ್ತದೆ, ಟಾರ್ ರೋಡಲ್ಲಿ ಕುಣಿಯುತ್ತದೆ. ಬ್ರೇಕಿಲ್ಲದ ಟ್ರೈಲರಿಗೆ ಬೇಡದ ಭಾರ ಬೇಡ.

ಡೆನ್ವರ್_ಕನ್ನಡಿಗ:
ಇಲ್ಲಿ ಕೊಲರಾಡೊದಲ್ಲಿ ನನ್ನ ಹತ್ತಿರ ಅಮೆರಿಕ ಸೇನೆಯ ಎಂ416 ಟ್ರೈಲರ್ ಇದೆ, ನಿಮ್ಮ ಟ್ರೈಲರಿನ ತಮ್ಮ ಅನ್ನಬಹುದು. ಅದೂ ಕಾಲು ಟನ್ನೇ, ಟೈರ್ ಮಾತ್ರ 7.00-16. ಇದಕ್ಕೂ ಐದು ಸ್ಟಡ್ ಐದೂವರೆ ಇಂಚು. ಇಲ್ಲಿ ಚಕ್ರ ಬದಲಿಸೋರ ಮುಖ್ಯ ಕಾರಣ ಸ್ಟೆಪ್ನಿ. ಎಳೆಯೋ ಜೀಪಿಗೂ ಟ್ರೈಲರಿಗೂ ಒಂದೇ ಚಕ್ರ ಆದ್ರೆ ಕಾಡಲ್ಲಿ ಒಂದು ಸ್ಟೆಪ್ನಿ ಎರಡಕ್ಕೂ ಆಗುತ್ತೆ. ಹಳೇ ಸಿಜೆ ಜೀಪಿಗಾದ್ರೆ ಹಾಗೇ ಹೊಂದುತ್ತೆ. ರಾಂಗ್ಲರ್ ಜೀಪಿನ ಟಿಜೆ ಮಾದರಿಗೆ ನಾಲ್ಕೂವರೆ ಇಂಚು, ಜೆಕೆ ಮಾದರಿಗೆ ಐದು ಇಂಚು, ಹಾಗಾಗಿ ಹಬ್ ಬದಲಿಸ್ತಾರೆ, ಇಲ್ಲಾ ಪೂರ್ತಿ ಆಕ್ಸಲನ್ನೇ ಅಗಲದ್ದು ಹಾಕ್ತಾರೆ. ಆಕ್ಸಲ್ ಬದಲಿಸೋರು ಜೀಪಿನ ಚಕ್ರದ ಅಂತರ ಅಳೆದು ಅಷ್ಟೇ ಅಗಲ ಹೇಳಿ ಮಾಡಿಸ್ತಾರೆ.

ಇದನ್ನ ನಾನು ಒತ್ತಿ ಹೇಳೋದು ಯಾಕಂದ್ರೆ, ಟ್ರೈಲರ್ ಜೀಪಿಗಿಂತ ಅಗಲವಾದ್ರೆ ಜಾಡಿರೋ ದಾರೀಲಿ ಅದರ ಒಂದು ಚಕ್ರ ಜಾಡಿನೊಳಗೆ, ಇನ್ನೊಂದು ಜಾಡಿನ ದಂಡೆ ಮೇಲೆ ಹತ್ತುತ್ತೆ. ಸಪಾಟು ದಾರೀನೂ ಅದಕ್ಕೆ ಓರೆ ದಾರಿ ಆಗ್ಬಿಡುತ್ತೆ. ಮೇಷ್ಟ್ರ ಲೆಕ್ಕದ ಎರಡು ಡಿಗ್ರಿ ಅಲ್ಲೇ ಖರ್ಚಾಗಿ, ಮೇಲೆ ಸಾಲವೂ ಆಗುತ್ತೆ.

ಬಣಕಲ್_ಗ್ಯಾರೇಜ್:
ನೂರಕ್ಕೆ ನೂರು ನಿಜ. ನಮ್ಮ ತೋಟದ ದಾರಿಗಳೆಲ್ಲ ಜೀಪ್ ಜಾಡೇ, ಮಳೆಗಾಲ ಮುಗಿಯೋ ಹೊತ್ತಿಗೆ ಮೊಣಕಾಲುದ್ದ ಆಳ. ತೋಟದಮನೆಯವರು ಕೆಸರಲ್ಲಿ ಜೀಪಿನ ಹಿಂದಿನ ಟೈರಿನ ಅಚ್ಚು ಅಳೆದುಕೊಳ್ಳಲಿ. ಅದು 124ಕ್ಕಿಂತ ಜಾಸ್ತಿ ಇದ್ರೆ ಅಷ್ಟರಮಟ್ಟಿಗೆ ಅಗಲ ಮಾಡಿ, ಅದಕ್ಕಿಂತ ಬೇಡ.

ಡಿಸ್ಕ್ ತಗೊಳ್ಳುವಾಗ ಎಲ್ಲರೂ ಎಡವೋದು ಇಲ್ಲಿ: ಅಗಲದ ಡಿಸ್ಕ್ ಹಾಕಿದ್ರೆ ಚಕ್ರದ ಅಂತರ ಅಗಲ ಆಗುತ್ತೆ ಅಂದ್ಕೋತಾರೆ. ಹಾಗಲ್ಲ. ನಾಲ್ಕೂವರೆ ಇಂಚಿನ ಡಿಸ್ಕ್ ತೆಗೆದು ಆರಿಂಚಿನದು ಹಾಕಿದ್ರೆ ಮುಕ್ಕಾಲು ಇಂಚು ಹೊರಗೆ ಬೆಳೆಯುತ್ತೆ, ಮುಕ್ಕಾಲು ಇಂಚು ಒಳಗೂ ಬೆಳೆಯುತ್ತೆ, ನಡುಗೆರೆ ಇದ್ದಲ್ಲೇ ಇರುತ್ತೆ. ಒಳಗೆ ಬೆಳೆದದ್ದು ಪ್ಲೇಟಿಗೋ ಬಾಡಿಗೋ ಉಜ್ಜುತ್ತೆ ಅಷ್ಟೆ. ಅಂತರ ಬದಲಾಗೋದು ಹಬ್ಬಿಗೆ ತಾಗೋ ಮುಖ ಡಿಸ್ಕಿನ ನಡುಗೆರೆಯಿಂದ ಎಷ್ಟು ಒಳಗೆ ಹೊರಗೆ ಇದೆ ಅನ್ನೋದರ ಮೇಲೆ.

ಅಳೆಯೋದು ಸುಲಭ. ಡಿಸ್ಕನ್ನ ಬೋರಲು ಹಾಕಿ, ಹಿಂಬದಿ ಮೇಲೆ ಬರೋ ಹಾಗೆ. ಅಂಚಿಂದ ಅಂಚಿಗೆ ನೇರ ಪಟ್ಟಿ ಇಡಿ. ಪಟ್ಟಿಯಿಂದ ಸ್ಟಡ್ ತೂತಿನ ಮುಖದವರೆಗೆ ಸ್ಕೇಲ್ ಇಳಿಸಿ ನೋಡಿ. ಆಮೇಲೆ ಡಿಸ್ಕಿನ ಪೂರ್ತಿ ಅಗಲ ಅಂಚಿಂದ ಅಂಚಿಗೆ ಅಳೆದು ಅರ್ಧ ಮಾಡಿ, ಮೊದಲಿನ ಅಳತೆಯಿಂದ ಕಳೆಯಿರಿ. ಹಳೇ ಡಿಸ್ಕಿಗೂ ಹೊಸದಕ್ಕೂ ಹೀಗೆ ಮಾಡಿ, ಎರಡರ ವ್ಯತ್ಯಾಸ ಏನು ಬರುತ್ತೋ ಒಂದೊಂದು ಕಡೆ ಅಷ್ಟೇ ಜರುಗೋದು.

ಕೆಲವರು ದುಡ್ಡು ಉಳಿಸೋಕೆ ಡಿಸ್ಕನ್ನೇ ತಿರುವಿ ಹಾಕಿಬಿಡ್ತಾರೆ, ಒಳಮುಖ ಹೊರಗೆ. ದಮ್ಮಯ್ಯ, ಅದೊಂದು ಮಾಡ್ಬೇಡಿ. ನಟ್ಟಿನ ಚೂಪು ಕೂರೋಕೆ ಡಿಸ್ಕಿನ ತೂತಲ್ಲಿ ಒಂದೇ ಕಡೆ ಬಟ್ಟಲಿನ ಥರ ಇಳಿಜಾರು ಕೊಟ್ಟಿರ್ತಾರೆ. ತಿರುವಿ ಹಾಕಿದ್ರೆ ನಟ್ಟು ಬರೀ ಅಂಚಿನ ಮೇಲೆ ನಿಲ್ಲುತ್ತೆ, ಓಡ್ತಾ ಓಡ್ತಾ ಸಡಿಲ ಆಗಿ ತೂತು ಮೊಟ್ಟೆ ಆಕಾರಕ್ಕೆ ತಿಂದುಹೋಗುತ್ತೆ.

ಕಾಡುದಾರಿ:
ಸ್ಪೇಸರ್ ಬಗ್ಗೆ ಯಾರೂ ಹೇಳಲೇ ಇಲ್ಲ?

ಬಣಕಲ್_ಗ್ಯಾರೇಜ್:
ಚಕ್ರ ಎಷ್ಟು ಹೊರಗೆ ಹೋಗುತ್ತೋ ಅಷ್ಟೂ ಭಾರ ಹೊರಗಿನ ಸಣ್ಣ ಬೇರಿಂಗಿನ ಕಡೆಗೆ ಜರುಗುತ್ತೆ, ಡಿಸ್ಕಿಂದ ಆದ್ರೂ ಅಷ್ಟೆ, ಸ್ಪೇಸರಿಂದ ಆದ್ರೂ ಅಷ್ಟೆ. ಸ್ಪೇಸರಿಗಾದ್ರೆ ಜೊತೆಗೆ ಇನ್ನೊಂದು ಸುತ್ತು ಸ್ಟಡ್ಡು ನಟ್ಟು ಬೇರೆ. ಗಟ್ಟಿ ಕಬ್ಬಿಣದಲ್ಲಿ ಲೇತಲ್ಲಿ ಸರಿಯಾಗಿ ತಿರುಗಿಸಿದ್ದು, ಹಬ್ಬಿನ ಮೇಲೆ ಬಿಗಿಯಾಗಿ ಕೂರೋದು ಆದ್ರೆ ನಡೆಯುತ್ತೆ. ನಡುವೆ ಬರೀ ವಾಷರ್ ಜೋಡಿಸೋದು ಮಾತ್ರ ಕೂಡದು. ತೋಟದ ಕೆಲಸಕ್ಕೆ ನನ್ನ ಮಟ್ಟಿಗೆ ಸ್ಪೇಸರ್ ಬೇಡ. ಅಲಾಯ್ ಡಿಸ್ಕೂ ಬೇಡ. ಬೋರ್ಡೋದಲ್ಲಿ ಮೈಲುತುತ್ತು ಇದೆ, ಅದು ಅಲ್ಯೂಮಿನಿಯಮ್ಮನ್ನ ತಿಂದುಹಾಕುತ್ತೆ. ಕಬ್ಬಿಣದ ಡಿಸ್ಕನ್ನೂ ಕೆಲಸ ಮುಗಿದ ಸಾಯಂಕಾಲವೇ ನೀರು ಹೊಡೆದು ತೊಳೀಬೇಕು.

ಇಎಂಇ_ನಿವೃತ್ತ:
ಇನ್ನೊಂದು ಮಾತು, ಇದು ಜೀವದ ಪ್ರಶ್ನೆ. ಎಡಗಡೆಯ ಬಟನ್ ಟೈರ್ ಇರುವ ಡಿಸ್ಕ್ ಮಿಲಿಟರಿ ಮೂಲದ್ದೇ ಆಗಿದ್ದರೆ ಅದು ಎರಡು ಹೋಳಿನ ಡಿಸ್ಕ್ ಇರಬಹುದು. ಸ್ಟಡ್ ನಟ್ಟುಗಳ ಆಚೆ ಇನ್ನೊಂದು ಸುತ್ತು ನಟ್ಟು ಕಂಡರೆ ಅದೇ. ಆ ಹೊರ ಸುತ್ತಿನ ನಟ್ಟು ಎರಡು ಹೋಳನ್ನು ಹಿಡಿದಿರುವಂಥವು. ಟೈರಲ್ಲಿ ಗಾಳಿ ಇರುವಾಗ ಅವನ್ನು ಬಿಚ್ಚಿದರೆ ಹೋಳು ಸಿಡಿದು ಬರುತ್ತದೆ. ಮೊದಲು ವಾಲ್ವಿನ ಪಿನ್ನು ತೆಗೆದು ಗಾಳಿ ಪೂರ್ತಿ ಬಿಡಿ, ವಾಲ್ವಿನೊಳಗೆ ತಂತಿ ಹಾಕಿ ಕಟ್ಟಿಕೊಂಡಿಲ್ಲ ಅಂತ ನೋಡಿಕೊಳ್ಳಿ, ಆಮೇಲೆ ಮಾತ್ರ ಪಾನ ಹಾಕಿ. ಪಂಚರ್ ಅಂಗಡಿಯ ಹುಡುಗನಿಗೂ ಇದನ್ನು ಬಾಯಿಬಿಟ್ಟು ಹೇಳಿ, ಅವನು ಇಂಥ ಡಿಸ್ಕ್ ಕಂಡೇ ಇರಲಿಕ್ಕಿಲ್ಲ.

ತೋಟದಮನೆ:
ಹೊರ ಸುತ್ತಿನ ನಟ್ಟು ಇದೆ ಸರ್, ಈಗಷ್ಟೇ ನೋಡಿ ಬಂದೆ. ಹೇಳಿದ್ದಕ್ಕೆ ತುಂಬಾ ಉಪಕಾರ ಆಯ್ತು, ಯಾರಿಗೂ ಮುಟ್ಟಬೇಡಿ ಅಂದಿದೀನಿ.

ಜೀಪಿನ ಅಚ್ಚೂ ಅಳೆದೆ, ಹಿಂದಿನ ಟೈರಿನ ನಡುವಿಂದ ನಡುವಿಗೆ 128 ಬಂತು. ಅಂದ್ರೆ ಒಂದೊಂದು ಕಡೆ 2 ಸೆಂ.ಮೀ. ಹೊರಗೆ ಬಂದ್ರೆ ಸಾಕು. ಹೀಗೆ ಮಾಡೋಣ ಅಂತಿದೀನಿ: ಡ್ರಮ್ಮು ತೆಗೆದು 200 ಲೀಟರಿನ ಚಪ್ಪಟೆ ಟ್ಯಾಂಕು, ಆಕ್ಸಲಿಂದ 20 ಮುಂದಕ್ಕೆ, ಕೆಳಗೆ ಆಂಗಲ್ ಹೊಡೆದು ಬೆಲ್ಟ್ ಬಿಗಿಯೋದು. ಟೈರು ಎರಡೂ ಬೊಲೆರೋದ 215/75 ಆರ್15, ಕಬ್ಬಿಣದ ಡಿಸ್ಕ್, ಅಳತೆ ನೋಡಿ 2 ಸೆಂ.ಮೀ. ಹೊರಗೆ ಬರೋದು ಸಿಕ್ರೆ ಮಾತ್ರ. ಗಾಳಿ ಎಷ್ಟಿಡ್ಲಿ?

ಡೆನ್ವರ್_ಕನ್ನಡಿಗ:
ಜೀಪಿಗೆ ಇಡೋ ಅಷ್ಟು ಬೇಡ. ಒಂದೊಂದು ಟೈರಿನ ಮೇಲೆ ಬರೋದು 200 ಕೆ.ಜಿ. ಮಾತ್ರ, ಬೊಲೆರೋ ಲೆಕ್ಕದಲ್ಲಿ ಗಾಳಿ ಹಾಕಿದ್ರೆ ಚೆಂಡಿನ ಥರ ಪುಟಿಯುತ್ತೆ. ನಾನಾದ್ರೆ 20 ಪಿಎಸ್‌ಐ ಇಂದ ಶುರು ಮಾಡಿ, ಟೈರಿನ ಮೇಲೆ ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆದು ಸ್ವಲ್ಪ ದೂರ ಓಡಿಸಿ ನೋಡ್ತೀನಿ. ನಡುವೆ ಮಾತ್ರ ಅಳಿಸಿದ್ರೆ ಗಾಳಿ ಜಾಸ್ತಿ, ಅಂಚಲ್ಲಿ ಮಾತ್ರ ಅಳಿಸಿದ್ರೆ ಕಡಿಮೆ. ಶಾಕ್ ಅಬ್ಸಾರ್ಬರ್ ಸತ್ತಿದ್ರೆ ಅದನ್ನೂ ಬದಲಿಸಿ, ಇಷ್ಟು ಹಗುರ ಗಾಡಿಗೆ ಅದರಿಂದ ಬಹಳ ವ್ಯತ್ಯಾಸ ಆಗುತ್ತೆ.

ಕಾಡುದಾರಿ:
ಟಾರ್ ರೋಡಿಗೆ ಬರೋದಾದ್ರೆ ಟ್ರೈಲರಿಗೂ ರಿಜಿಸ್ಟ್ರೇಶನ್ ಬೇಕು, ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಲ್ಲಿ ಮಾರ್ಪಾಡಿಗೂ ನಿಯಮ ಇದೆ. ಟೈರು ಮಡ್‌ಗಾರ್ಡಿನಿಂದ ಆಚೆ ಬರದ ಹಾಗೆ ನೋಡ್ಕೊಳ್ಳಿ, ಆರ್‌ಟಿಒದಲ್ಲಿ ಮೊದಲೇ ವಿಚಾರಿಸಿಬಿಡಿ.

ತೋಟದಮನೆ:
ಸರಿ, ವಿಚಾರಿಸ್ತೀನಿ. ಬಣಕಲ್ ಅಣ್ಣಾ, ಎಡಗಡೆ ಉಲ್ಟಾ ತ್ರೆಡ್ ಸ್ಟಡ್ ತೆಗೆಸಿ ಎರಡೂ ಕಡೆ ಒಂದೇ ಥರ ಮಾಡಬಹುದಾ? ನಾನಿಲ್ಲದಾಗ ಹುಡುಗರು ಎಳೆದು ಮುರಿದುಹಾಕ್ತಾರೆ ಅಂತ.

ಬಣಕಲ್_ಗ್ಯಾರೇಜ್:
ಧಾರಾಳವಾಗಿ. ಸ್ಟಡ್ಡನ್ನ ಪ್ರೆಸ್ಸಲ್ಲಿ ಒತ್ತಿ ತೆಗೆದು ಸಾದಾ ತ್ರೆಡ್ಡಿಂದು ಕೂರಿಸ್ತೀವಿ. ಸುತ್ತಿಗೇಲಿ ಬಡಿಯೋದು, ವೆಲ್ಡಿಂಗ್ ಹಾಕೋದು ಮಾತ್ರ ಯಾರಿಗೂ ಬಿಡ್ಬೇಡಿ. ಎರಡೂ ಹಬ್ಬು ಬಿಚ್ಚಿ ತಂದುಬಿಡಿ, ಬಿಚ್ಚೋಕೆ ಮುಂಚೆ ಜಾಕ್ ಕೊಟ್ಟು ಚಕ್ರದ ಮೇಲೂ ಕೆಳಗೂ ಕೈ ಹಿಡಿದು ಅಲ್ಲಾಡಿಸಿ ನೋಡಿ, ಆಟ ಎಷ್ಟಿದೆ ಅಂತ ನನಗೆ ಹೇಳಿ. ಬೇರಿಂಗು, ಆಯಿಲ್ ಸೀಲು, ಗ್ರೀಸು ಒಟ್ಟಿಗೇ ಮಾಡಿಬಿಡೋಣ. ಹಳೇ ಡಿಸ್ಕ್ ಒಂದೂ ತನ್ನಿ, ಹೊಸದರ ಪಕ್ಕ ಇಟ್ಟು ಅಳೆದೇ ಕೊಡ್ತೀನಿ. ಗಾಳಿ ಬಿಟ್ಟು ತನ್ನಿ.